ಇಕ್ಕಟ್ಟಾದ ಎಂಜಿನ್ ಜಾಗದಲ್ಲಿ ಕೋಲ್ಡ್ ಏರ್ ಇನ್‌ಟೇಕ್ ಕೂರಿಸುವುದು: ಹಳೇ ಸಿವಿಕ್ ಇಟ್ಟುಕೊಂಡವರಿಗೆ ಪೂರ್ತಿ ವಿವರ

ನನ್ನ ಹತ್ತಿರ ಇರುವುದು 2009ರ ಹೋಂಡಾ ಸಿವಿಕ್. 1.8 ಲೀಟರ್ ಪೆಟ್ರೋಲ್, ಮ್ಯಾನುಯಲ್ ಗೇರು. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಅದರ ಏರ್ ಫಿಲ್ಟರ್ ಬಾಕ್ಸ್ ತೆಗೆಸಿ, ಆ ಜಾಗಕ್ಕೆ ಒಂದು ಪೈಪು, ಪೈಪಿನ ತುದಿಗೆ ಕೋನ್ ಫಿಲ್ಟರ್ ಹಾಕಿಸಿದೆ. ಎಂಜಿನ್‌ಗೆ ಹೊರಗಿನ ತಣ್ಣನೆ ಗಾಳಿ ತಂದುಕೊಡಬೇಕಾದ ಇಂಥ ಜೋಡಣೆಗೇ ಕೋಲ್ಡ್ ಏರ್ ಇನ್‌ಟೇಕ್ ಅನ್ನುವುದು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು, ಸದ್ದೂ ಚೆನ್ನಾಗಿ ಬಂತು. ಆದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತು ಹೊರಟರೆ ಕಾರಿಗೆ ಎಳೆಯುವ ಶಕ್ತಿಯೇ ಇಲ್ಲ ಅನ್ನಿಸುತ್ತಿತ್ತು. ಕಾರಿನ ಕಂಪ್ಯೂಟರಿನ ರೀಡಿಂಗ್‌ಗಳನ್ನು ಮೊಬೈಲಿಗೆ ಕಳಿಸುವ ಓಬಿಡಿ ಡಾಂಗಲ್ ಚುಚ್ಚಿ ನೋಡಿದೆ. ಹೊರಗೆ 31 ಡಿಗ್ರಿ. ಎಂಜಿನ್ ಉಸಿರಾಡುತ್ತಿದ್ದ ಗಾಳಿ 64 ಡಿಗ್ರಿ!

ಅಂದರೆ ನಾನು ದುಡ್ಡು ಕೊಟ್ಟು ಹಾಕಿಸಿದ್ದು ಬಿಸಿ ಗಾಳಿಯ ಇನ್‌ಟೇಕ್. ಆಮೇಲೆ ಅದನ್ನು ಬಿಚ್ಚಿ, ಅಳತೆ ಮಾಡಿ, ಎರಡು ಭಾನುವಾರ ಕೂತು ಮತ್ತೆ ಸರಿಯಾಗಿ ಮಾಡಿದೆ. ಆ ಕೆಲಸದ ವಿವರ ಇದು. ಉದಾಹರಣೆ ಪೂರ್ತಿ ಸಿವಿಕ್‌ನದ್ದೇ, ಆದರೆ ಎಂಜಿನ್ ಅಡ್ಡ ಕೂತಿರುವ, ಬ್ಯಾಟರಿ, ಗೇರ್ ಬಾಕ್ಸ್, ಹೆಡ್‌ಲೈಟ್ ಮಧ್ಯೆ ಒಂದು ಗೇಣು ಜಾಗ ಮಾತ್ರ ಉಳಿದಿರುವ ಯಾವ ಕಾರಿಗಾದರೂ ಬಹುಪಾಲು ಇದೇ ದಾರಿ.

ತಣ್ಣನೆ ಗಾಳಿ ಯಾಕೆ ಬೇಕು

ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ಆಮ್ಲಜನಕ ಕಮ್ಮಿ. ಲೆಕ್ಕ ಸುಲಭ: ಡಿಗ್ರಿಗೆ 273 ಸೇರಿಸಿ ಭಾಗಿಸಿ. 31 ಡಿಗ್ರಿ ಅಂದರೆ 304, 64 ಡಿಗ್ರಿ ಅಂದರೆ 337. 304 ಅನ್ನು 337ರಿಂದ ಭಾಗಿಸಿದರೆ 0.90 ಬರುತ್ತದೆ. ಅಲ್ಲಿಗೆ ಪ್ರತಿ ಉಸಿರಿನಲ್ಲೂ ಸುಮಾರು ಶೇಕಡಾ 10ರಷ್ಟು ಗಾಳಿ ಕಳೆದುಕೊಂಡ ಹಾಗಾಯಿತು. ಒರಟಾಗಿ ನೆನಪಿಟ್ಟುಕೊಳ್ಳಬೇಕಾದರೆ, ಪ್ರತಿ 10 ಡಿಗ್ರಿಗೆ ಶೇಕಡಾ 3.

ಈಗ ಇನ್ನೊಂದು ಮಾತು. ಈ ಸಿವಿಕ್‌ಗೆ ಕಂಪನಿಯವರು ಹೇಳಿದ ಶಕ್ತಿ 132 ಪಿಎಸ್ (ಪಿಎಸ್ ಅಂದರೆ ಹೆಚ್ಚು ಕಡಿಮೆ ಹಾರ್ಸ್‌ಪವರ್). ಹೋಂಡಾ ಕೊಟ್ಟಿರುವ ಮೂಲ ಬಾಕ್ಸ್ ಕೆಟ್ಟದ್ದೇನಲ್ಲ, ಅದು ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಬರೀ ಇನ್‌ಟೇಕ್ ಬದಲಿಸಿ 15 ಪಿಎಸ್ ಜಾಸ್ತಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಸಲೀಸಾಗಿ ಓಡುವುದು, ಆಕ್ಸಿಲರೇಟರ್ ಒತ್ತಿದಾಗ ಒಳ್ಳೆ ಸದ್ದು, ತೊಳೆದು ಮತ್ತೆ ಬಳಸುವ ಫಿಲ್ಟರ್, ಇಷ್ಟು ಸಿಗುತ್ತದೆ. ಇಷ್ಟು ಸಾಕು ಅನ್ನುವವರಿಗೆ ಈ ಕೆಲಸ. ತಪ್ಪಾಗಿ ಮಾಡಿದರೆ ಮೊದಲಿಗಿಂತ ಕಮ್ಮಿ ಶಕ್ತಿ ಸಿಗುತ್ತದೆ, ಅದನ್ನು ನಾನೇ ಅನುಭವಿಸಿದ್ದೇನೆ.

ಕಾನೂನಿನ ಬಗ್ಗೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿ ಇರುವ ವಿವರಕ್ಕೂ ಹೊಂದದ ಹಾಗೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಹೇಳಿದೆ. ಆದ್ದರಿಂದ ಮೂಲ ಬಾಕ್ಸ್, ಪೈಪು, ಬೋಲ್ಟು ಯಾವುದನ್ನೂ ಬಿಸಾಡಬೇಡಿ, ಮಾರಬೇಡಿ. ಒಂದು ಗಂಟೆಯಲ್ಲಿ ಮತ್ತೆ ಮೊದಲಿನ ಹಾಗೆ ಕೂರಿಸಲು ಆಗಬೇಕು. ಬಾಡಿಗೆ ಹೊಸ ತೂತು ಕೊರೆಯದೆ ಕೆಲಸ ಮುಗಿಸಿ. ಇನ್ಶೂರೆನ್ಸ್ ಕಂಪನಿಗೆ ತಿಳಿಸಿ. ಕೆಲಸ ಆದ ಮೇಲೆ ಹೊಗೆ ತಪಾಸಣೆ ಮತ್ತೆ ಮಾಡಿಸಿ, ಮಿಶ್ರಣ ಸರಿಯಾಗಿದೆಯೋ ಇಲ್ಲವೋ ಅನ್ನುವುದಕ್ಕೆ ಆ ಚೀಟಿಯೇ ಒಂದು ಪರೀಕ್ಷೆ.

ಹಂತ 1: ಕೊಳ್ಳುವ ಮೊದಲು ಅಳೆಯಿರಿ

ಎಲ್ಲರೂ ಮೊದಲು ಕಿಟ್ ಕೊಂಡು ಆಮೇಲೆ ಜಾಗ ಹುಡುಕುತ್ತಾರೆ. ಉಲ್ಟಾ ಮಾಡಬೇಕು.

ಎರಡು ಬಗೆ ಇದೆ. ಒಂದು, ಉದ್ದ ಪೈಪಿನದು. ಅಮೆರಿಕದ ಎಇಎಂ, ಇಂಜೆನ್ ಕಂಪನಿಗಳು ಈ ತಲೆಮಾರಿನ ಸಿವಿಕ್‌ಗೆ ಇಂಥ ಕಿಟ್ ಮಾಡಿವೆ. ಪೈಪು ಕೆಳಗಿಳಿದು ಬಂಪರ್ ಒಳಗಿನ ಮೂಲೆಗೆ ಹೋಗುತ್ತದೆ, ಫಿಲ್ಟರ್ ಅಲ್ಲಿರುತ್ತದೆ. ತಣ್ಣನೆ ಗಾಳಿ ಖಂಡಿತ ಸಿಗುತ್ತದೆ. ಆದರೆ ಸಿವಿಕ್ ಮೊದಲೇ ನೆಲಕ್ಕೆ ಹತ್ತಿರದ ಕಾರು, ಬೆಂಗಳೂರಿನ ಮಳೆ ನಿಮಗೆ ಗೊತ್ತೇ ಇದೆ, ಬಂಪರ್ ಒಳಗೆ ಮೊಣಕಾಲಿಗಿಂತ ಕೆಳಗೆ ಫಿಲ್ಟರ್ ಇಟ್ಟುಕೊಂಡು ಓಕಳಿಪುರದ ಅಂಡರ್‌ಪಾಸ್ ಒಳಗೆ ಹೋಗಲು ನನಗೆ ಧೈರ್ಯ ಇಲ್ಲ. ಅಲ್ಲದೆ ಅವು ಎಡಗಡೆ ಸ್ಟೀರಿಂಗ್ ಇರುವ ಕಾರಿಗೆ ಮಾಡಿದ ಕಿಟ್‌ಗಳು. ನಮ್ಮ ಕಾರಿನಲ್ಲಿ ಪ್ರತಿ ಬ್ರಾಕೆಟ್ಟೂ ಪ್ರತಿ ಪೈಪೂ ಅದೇ ಜಾಗದಲ್ಲಿ ಇರುತ್ತದೆ ಅಂತ ಹೇಳಲಾಗದು.

ಇನ್ನೊಂದು, ಗಿಡ್ಡ ಪೈಪು. ಫಿಲ್ಟರ್ ಮೂಲ ಬಾಕ್ಸ್ ಇದ್ದ ಜಾಗದಲ್ಲೇ ಇರುತ್ತದೆ, ಅದರ ಸುತ್ತ ಒಂದು ಮುಚ್ಚಿದ ಬಾಕ್ಸ್, ಆ ಬಾಕ್ಸ್‌ಗೆ ಗ್ರಿಲ್ ಕಡೆಯಿಂದ ಹೊರಗಿನ ಗಾಳಿ. ನಾನು ಮಾಡಿದ್ದು ಇದು. ಊರೊಳಗೆ ಓಡಿಸುವ ಕಾರಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ.

ಅಳತೆ ತೆಗೆಯಲು ಟೇಪಿಗಿಂತ ರಟ್ಟು ಮೇಲು. ಆನ್‌ಲೈನ್‌ನಲ್ಲಿ ತರಿಸಿದ ಸಾಮಾನಿನ ರಟ್ಟಿನ ಡಬ್ಬ ಕತ್ತರಿಸಿ, ಫಿಲ್ಟರ್ ಗಾತ್ರದ ಒಂದು ಸುರುಳಿ ಮಾಡಿ, ಅದನ್ನು ಜಾಗದಲ್ಲಿ ಇಟ್ಟು ನೋಡಿ. ಪೈಪಿನ ಬದಲಿಗೆ ವಾಷಿಂಗ್ ಮೆಷಿನ್‌ನ ಹಳೇ ನೀರಿನ ಪೈಪು ಅಥವಾ ಬಗ್ಗಿಸಬಹುದಾದ ದಪ್ಪ ತಂತಿ ಹಿಡಿದು ದಾರಿ ಗುರುತು ಮಾಡಿ. ಎಲ್ಲಿ ಎಷ್ಟು ಡಿಗ್ರಿ ತಿರುವು ಬೇಕು ಅನ್ನುವುದು ಆಗ ಗೊತ್ತಾಗುತ್ತದೆ. ಬಾನೆಟ್‌ಗೆ ಎಷ್ಟು ಜಾಗ ಇದೆ ನೋಡಬೇಕಾ? ಮಕ್ಕಳು ಆಡುವ ಬಣ್ಣದ ಜೇಡಿಮಣ್ಣಿನ ಉಂಡೆಗಳನ್ನು ರಟ್ಟಿನ ಮೇಲೆ ಇಟ್ಟು, ಪ್ಲಾಸ್ಟಿಕ್ ಹೊದಿಸಿ, ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆಯಿರಿ. ಉಂಡೆ ಎಷ್ಟು ಚಪ್ಪಟೆಯಾಗಿ ಉಳಿದಿದೆಯೋ ಅಷ್ಟೇ ಜಾಗ. ಅದು 15 ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ ಪೈಪಿನ ದಾರಿ ಬದಲಿಸಿ.

ಇಲ್ಲಿ ಜನ ಮರೆಯುವ ವಿಷಯ, ಎಂಜಿನ್ ಅಲುಗಾಡುತ್ತದೆ. ರಬ್ಬರ್ ಮೌಂಟಿನ ಮೇಲೆ ಕೂತಿರುವ ಎಂಜಿನ್ ಗೇರ್ ಹಾಕಿ ಎಳೆದಾಗ ಹಿಂದಕ್ಕೆ ಮುಂದಕ್ಕೆ ತೂಗುತ್ತದೆ. ಮೌಂಟು ಹಳೆಯದಾಗಿದ್ದರೆ ಇನ್ನೂ ಜಾಸ್ತಿ. ಬಾನೆಟ್ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು ಕ್ಲಚ್ ಅರ್ಧ ಬಿಡಲಿ, ಮೊದಲು ಫಸ್ಟ್‌ನಲ್ಲಿ, ಆಮೇಲೆ ರಿವರ್ಸ್‌ನಲ್ಲಿ. ನೀವು ಪಕ್ಕದಲ್ಲಿ ನಿಂತು ನೋಡಿ. ಕಾರಿನ ಮುಂದೆ ಹಿಂದೆ ಯಾರೂ ಇರಬಾರದು. ನನ್ನ ಕಾರಿನಲ್ಲಿ ಎಂಜಿನ್‌ನ ಮೇಲ್ಭಾಗ ಹೆಬ್ಬೆರಳಿನ ಅಗಲದಷ್ಟು ತೂಗಿತು. ಹಾಗಾಗಿ ಎಂಜಿನ್ ಜೊತೆ ಅಲುಗಾಡುವ ಪೈಪಿಗೂ ಅಲುಗಾಡದ ಬ್ಯಾಟರಿ, ಬಾಡಿ, ಎಸಿ ಪೈಪಿಗೂ ಮಧ್ಯೆ ಕಡಿಮೆ ಅಂದರೆ 25 ಮಿಲಿಮೀಟರ್ ಬಿಡಿ.

ಹಂತ 2: ಸಾಮಾನು

ಪೈಪಿನ ಅಗಲದ ಬಗ್ಗೆ ಸುಮ್ನೆ ದೊಡ್ಡದು ಒಳ್ಳೆಯದು ಅನ್ನುವ ನಂಬಿಕೆ ಇದೆ. ಲೆಕ್ಕ ಮಾಡೋಣ. 1.8 ಲೀಟರ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಪೂರ್ತಿ ಉಸಿರೆಳೆಯುತ್ತದೆ. 6500 ಆರ್‌ಪಿಎಂನಲ್ಲಿ, ಸಿಲಿಂಡರ್ ಶೇಕಡಾ 85 ತುಂಬುತ್ತದೆ ಅಂತ ಇಟ್ಟುಕೊಂಡರೆ, ಸೆಕೆಂಡಿಗೆ ಸುಮಾರು 83 ಲೀಟರ್ ಗಾಳಿ. ಒಳಗಿನ ಅಗಲ 70 ಮಿಲಿಮೀಟರ್ ಇರುವ ಪೈಪಿನಲ್ಲಿ ಇಷ್ಟು ಗಾಳಿ ಸೆಕೆಂಡಿಗೆ 21, 22 ಮೀಟರ್ ವೇಗದಲ್ಲಿ ಹೋಗುತ್ತದೆ. ಪೈಪು ಅದಕ್ಕೆ ಯಾವ ಅಡ್ಡಿಯನ್ನೂ ಮಾಡುವುದಿಲ್ಲ. 90 ಮಿಲಿಮೀಟರ್ ಪೈಪು ತಂದು ಇಕ್ಕಟ್ಟಿನಲ್ಲಿ ತುರುಕುವ ಅಗತ್ಯವೇ ಇಲ್ಲ.

ಆದರೆ ಎಂಜಿನ್‌ಗೆ ಎಷ್ಟು ಗಾಳಿ ಹೋಗುತ್ತಿದೆ ಅಂತ ಅಳೆಯುವ ಏರ್ ಫ್ಲೋ ಸೆನ್ಸರ್ ಕೂರುವ ಜಾಗದ ಅಗಲ ಮಾತ್ರ ಮೂಲದಲ್ಲಿ ಎಷ್ಟಿದೆಯೋ ಅಷ್ಟೇ ಇರಬೇಕು. ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೇಕಾದ್ದು: ಅಲ್ಯುಮಿನಿಯಂ ಪೈಪು, ಬೇಕಾದ ತಿರುವಿನ ಸಿಲಿಕಾನ್ ಕಪ್ಲರ್‌ಗಳು (ಪೈಪುಗಳನ್ನು ಕೂಡಿಸುವ ಮೆತ್ತನೆ ಕೊಳವೆಗಳು), ಒಂದು ಕಡೆ ದೊಡ್ಡದು ಇನ್ನೊಂದು ಕಡೆ ಚಿಕ್ಕದು ಇರುವ ರಿಡ್ಯೂಸರ್ ಒಂದು, ಮಧ್ಯದಲ್ಲಿ ಉಬ್ಬಿರುವ ಕಪ್ಲರ್ ಒಂದು, ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪುಗಳು, ಸೆನ್ಸರ್ ಕೂರಿಸುವ ಚಪ್ಪಟೆ ಪೀಠ ಅಂದರೆ ಫ್ಲಾಂಜ್, ಎಂಜಿನ್ ಒಳಗಿನ ಎಣ್ಣೆ ಆವಿಯ ಬ್ರೀದರ್ ಪೈಪು ಸಿಕ್ಕಿಸಲು ಒಂದು ನಿಪ್ಪಲ್, ಕೋನ್ ಫಿಲ್ಟರ್, 1.5 ಮಿಲಿಮೀಟರ್ ಅಲ್ಯುಮಿನಿಯಂ ಶೀಟು, ಅದರ ಅಂಚಿಗೆ ಡೋರ್ ಬೀಡಿಂಗ್, ರಬ್ಬರ್ ಬುಷ್. ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಓಡಾಡಿದರೆ ಬಹುಪಾಲು ಸಿಗುತ್ತದೆ. ಫ್ಲಾಂಜನ್ನು ಲೇತ್ ಅಂಗಡಿಯಲ್ಲಿ ಮಾಡಿಸಿ, ಆರ್ಗಾನ್ ವೆಲ್ಡಿಂಗ್ ಮಾಡುವವರ ಹತ್ತಿರ ಪೈಪಿಗೆ ಕೂಡಿಸಿಕೊಳ್ಳಿ. ವೆಲ್ಡಿಂಗ್ ಆದ ಮೇಲೆ ಪೈಪಿನ ಒಳಗೆ ಬಟ್ಟೆ ಹಾಕಿ ಉಜ್ಜಿ, ನೀರಿನಲ್ಲಿ ತೊಳೆದು ಒಣಗಿಸಿ. ಒಳಗೆ ಉಳಿದ ಒಂದು ಚೂರು ಲೋಹದ ಪುಡಿ ನೇರವಾಗಿ ಸಿಲಿಂಡರ್‌ಗೆ ಹೋಗುತ್ತದೆ.

ಫಿಲ್ಟರ್‌ನಲ್ಲಿ ಎಣ್ಣೆ ಹಚ್ಚುವ ಹತ್ತಿಯದು, ಎಣ್ಣೆ ಬೇಡದ ಒಣ ಫಿಲ್ಟರ್ ಅಂತ ಎರಡು ಇವೆ. ನಮ್ಮ ಧೂಳಿಗೆ, ಏರ್ ಫ್ಲೋ ಸೆನ್ಸರ್ ಇರುವ ಕಾರಿಗೆ, ಒಣ ಫಿಲ್ಟರ್ ತೆಗೆದುಕೊಳ್ಳಿ ಅನ್ನುತ್ತೇನೆ. ಎಣ್ಣೆ ಜಾಸ್ತಿಯಾದರೆ ಅದು ಹಾರಿ ಸೆನ್ಸರ್ ತಂತಿಗೆ ಅಂಟುತ್ತದೆ.

ಹಂತ 3: ಹಳೆಯದನ್ನು ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಬೇಕು. ಬೆಳಗ್ಗೆ ಶುರು ಮಾಡುವುದು ಒಳ್ಳೆಯದು. ಕಂಪನಿಯ ಆಡಿಯೋ ಇದ್ದರೆ ರೇಡಿಯೋ ಕೋಡ್ ಕೈಯಲ್ಲಿ ಇದೆಯೇ ಅಂತ ಮೊದಲು ನೋಡಿ, ಬ್ಯಾಟರಿ ತೆಗೆದ ಮೇಲೆ ಹೋಂಡಾ ಸ್ಟೀರಿಯೋ ಕೋಡ್ ಕೇಳುತ್ತದೆ. ಆಮೇಲೆ 10 ನಂಬರ್ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ನೆಗೆಟಿವ್ ತೆಗೆದು, ಮತ್ತೆ ತಾಗದ ಹಾಗೆ ಬಟ್ಟೆ ಸುತ್ತಿ ಬದಿಗಿಡಿ.

ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸಂಜೆ ಹೊತ್ತಿಗೆ ಯಾವ ಪೈಪು ಎಲ್ಲಿತ್ತು ಅನ್ನುವುದು ನೆನಪಿರುವುದಿಲ್ಲ.

ಏರ್ ಫ್ಲೋ ಸೆನ್ಸರ್‌ನ ಪ್ಲಗ್‌ಗೆ ಒಂದು ಲಾಕ್ ಇದೆ. ಅದನ್ನು ಒತ್ತಿ ಹಿಡಿದು ಪ್ಲಗ್ಗಿನ ದೇಹ ಹಿಡಿದು ಎಳೆಯಿರಿ, ವೈರು ಹಿಡಿದು ಎಳೆಯಬೇಡಿ. ಹತ್ತು ಹದಿನೈದು ವರ್ಷದ ಪ್ಲಾಸ್ಟಿಕ್ ಬಿಸಿಗೆ ಒಣಗಿ ಬಿಸ್ಕೆಟ್ ಹಾಗೆ ಆಗಿರುತ್ತದೆ, ಮುರಿದರೆ ಹೊಸ ಪ್ಲಗ್ ಹುಡುಕುವುದು ದೊಡ್ಡ ತಲೆನೋವು. ನಂತರ ವಾಲ್ವ್ ಕವರ್‌ನಿಂದ ಬರುವ ಬ್ರೀದರ್ ಪೈಪು. ಅದು ಅಂಟಿಕೊಂಡಿದ್ದರೆ ಎಳೆಯುವ ಬದಲು ತಿರುಗಿಸಿ ಸಡಿಲ ಮಾಡಿ. ಆಮೇಲೆ ಎಂಜಿನ್‌ಗೆ ಹೋಗುವ ಗಾಳಿಯನ್ನು ತಟ್ಟೆಯೊಂದರಿಂದ ಹೆಚ್ಚು ಕಮ್ಮಿ ಮಾಡುವ ಥ್ರಾಟಲ್ ಬಾಡಿಯ ಕ್ಲಾಂಪು, ಕೊನೆಗೆ ಬಾಕ್ಸಿನ ಬೋಲ್ಟುಗಳು. ಬಾಕ್ಸ್ ಮೇಲಕ್ಕೆ ಬರದೆ ಹಟ ಮಾಡಿದರೆ ಬ್ಯಾಟರಿಯನ್ನೇ ಹೊರಗೆ ತೆಗೆಯಿರಿ. ಐದು ನಿಮಿಷದ ಕೆಲಸ, ಕೈ ಆಡಿಸಲು ಎಷ್ಟೋ ಜಾಗ ಸಿಗುತ್ತದೆ.

ಥ್ರಾಟಲ್ ಬಾಡಿಯ ಬಾಯಿ ತೆರೆದ ಕೂಡಲೇ, ಅದೇ ಕ್ಷಣ, ಒಂದು ಶುಭ್ರವಾದ ದೊಡ್ಡ ಬಟ್ಟೆ ತುರುಕಿ. ಒಂದು ಸ್ಕ್ರೂ ಒಳಗೆ ಬಿದ್ದರೆ ಎಂಜಿನ್ ಕಥೆ ಮುಗಿಯಿತು. ಇನ್ನೊಂದು ಎಚ್ಚರ: ಈ ಕಾರಿನ ಥ್ರಾಟಲ್ ಮೋಟಾರಿನಿಂದ ಓಡುವುದು, ಕೇಬಲ್ ಇಲ್ಲ. ಒಳಗಿನ ತಟ್ಟೆಯನ್ನು ಬೆರಳಿನಿಂದ ತಳ್ಳಬೇಡಿ.

ಹಂತ 4: ಸೆನ್ಸರ್ ಸಾಗಿಸುವುದು

ಇಡೀ ಕೆಲಸದಲ್ಲಿ ನಿಧಾನವಾಗಿ ಮಾಡಬೇಕಾದ ಭಾಗ ಇದು. ಏರ್ ಫ್ಲೋ ಸೆನ್ಸರ್ ಒಳಗೆ ಕೂದಲಿನಷ್ಟು ಸಣ್ಣ ಬಿಸಿ ತಂತಿ ಇದೆ. ಗಾಳಿ ಹಾದು ಹೋದಾಗ ಅದು ತಣ್ಣಗಾಗುತ್ತದೆ, ಅದನ್ನು ಬಿಸಿಯಾಗಿ ಇಡಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದರಿಂದ ಕಾರಿನ ಕಂಪ್ಯೂಟರ್ ಗಾಳಿ ಎಷ್ಟು ಬಂತು ಅಂತ ಲೆಕ್ಕ ಹಾಕಿ, ಅದಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ಸೆನ್ಸರ್ ನೋಡುವುದು ತನ್ನ ಮುಂದೆ ಹಾದು ಹೋಗುವ ಗಾಳಿಯನ್ನು ಮಾತ್ರ. ಉಳಿದದ್ದು ಪೈಪಿನ ಅಗಲದ ಮೇಲೆ ಮೊದಲೇ ಮಾಡಿಟ್ಟ ಲೆಕ್ಕ.

ಉದಾಹರಣೆಗೆ, ಮೂಲ ಪೈಪು 60 ಮಿಲಿಮೀಟರ್ ಇದ್ದು ನೀವು 70 ಹಾಕಿದರೆ, ಒಳಗಿನ ಜಾಗ 1.36 ಪಟ್ಟು ಆಗುತ್ತದೆ. ಅದೇ ಗಾಳಿ ನಿಧಾನವಾಗಿ ಹೋಗುತ್ತದೆ. ಗಾಳಿ ಕಾಲು ಭಾಗಕ್ಕಿಂತ ಜಾಸ್ತಿ ಕಮ್ಮಿ ಬಂತು ಅಂತ ಕಂಪ್ಯೂಟರ್ ತಿಳಿದುಕೊಂಡು ಪೆಟ್ರೋಲ್ ಕಮ್ಮಿ ಮಾಡುತ್ತದೆ. ಎಂಜಿನ್ ಹಸಿದುಕೊಂಡು ಓಡುತ್ತದೆ, ನಾಕಿಂಗ್ (ಸಿಲಿಂಡರ್ ಒಳಗೆ ಬಡಿಯುವ ಸದ್ದು) ಬರುತ್ತದೆ, ಚೆಕ್ ಎಂಜಿನ್ ಲೈಟು ಹತ್ತಿ ಪಿ0171 ಅನ್ನುವ ಕೋಡ್ ತೋರಿಸುತ್ತದೆ. ಅದಕ್ಕೇ ಆ ಒಂದು ತುಂಡಿನ ಅಗಲ ಮಾತ್ರ ಬದಲಾಗಬಾರದು ಅಂದಿದ್ದು.

ಸೆನ್ಸರ್‌ನ ಎರಡು ಸ್ಕ್ರೂ ಬಿಚ್ಚಿ ನೇರವಾಗಿ ಹೊರಗೆ ಎಳೆಯಿರಿ. ತಂತಿಯನ್ನು ಮುಟ್ಟಬೇಡಿ, ಬಾಯಿಂದ ಊದಬೇಡಿ, ಬಟ್ಟೆ ತಾಗಿಸಬೇಡಿ. ಕೊಳೆಯಾಗಿದ್ದರೆ ಅದಕ್ಕಾಗಿಯೇ ಸಿಗುವ ಸೆನ್ಸರ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಲು ಬಿಡಿ, ಕಾರ್ಬ್ಯುರೇಟರ್ ಕ್ಲೀನರ್ ಬೇಡ. ಸೆನ್ಸರ್ ಮೇಲೆ ಗಾಳಿಯ ದಿಕ್ಕಿನ ಬಾಣ ಇದ್ದರೆ ಅದು ಎಂಜಿನ್ ಕಡೆ ನೋಡಬೇಕು. ಓ ರಿಂಗ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಸೆನ್ಸರ್‌ನ ಮುಂದೆ ನೇರ ಪೈಪು ಎಷ್ಟು ಸಿಕ್ಕಿದರೂ ಲಾಭ. ನಾನು 10 ಸೆಂಟಿಮೀಟರ್ ಬಿಟ್ಟಿದ್ದೇನೆ. ತಿರುವಿನ ಪಕ್ಕದಲ್ಲೇ ಸೆನ್ಸರ್ ಇಟ್ಟರೆ ಗಾಳಿ ಸುಳಿಯಾಗಿ ಬಂದು ರೀಡಿಂಗ್ ಕುಣಿಯುತ್ತದೆ, ಐಡಲ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವ ವೇಗ) ಏರುಪೇರಾಗುತ್ತದೆ.

ಹಂತ 5: ಬಿಗಿ ಮಾಡದೆ ಒಮ್ಮೆ ಪೂರ್ತಿ ಕೂರಿಸಿ

ಥ್ರಾಟಲ್ ಬಾಡಿಯಿಂದ ಶುರು ಮಾಡಿ ಫಿಲ್ಟರ್ ಕಡೆ ಬನ್ನಿ. ಕ್ಲಾಂಪುಗಳನ್ನು ಕಪ್ಲರ್ ಮೇಲೆ ಮೊದಲೇ ಹಾಕಿಟ್ಟುಕೊಂಡು, ಸ್ಕ್ರೂ ಮೇಲಿನಿಂದ ಕೈಗೆ ಸಿಗುವ ಹಾಗೆ ತಿರುಗಿಸಿ ಇಡಿ, ಆಮೇಲೆ ಸ್ಕ್ರೂಡ್ರೈವರ್ ಹೋಗದೆ ಒದ್ದಾಡುವುದು ತಪ್ಪುತ್ತದೆ. ಕಪ್ಲರ್ ಹತ್ತದಿದ್ದರೆ ಒಳಗೆ ನೀರು ಸವರಿ, ಗ್ರೀಸ್ ಬೇಡ, ಗ್ರೀಸ್ ಹಚ್ಚಿದ ಕಪ್ಲರ್ ಒಂದು ದಿನ ಜಾರಿ ಹೊರಗೆ ಬರುತ್ತದೆ. ಪೈಪು ಕಪ್ಲರ್ ಒಳಗೆ ಕಡಿಮೆ ಅಂದರೆ 25 ಮಿಲಿಮೀಟರ್ ಹೋಗಿರಬೇಕು.

ಈಗ ಟಾರ್ಚು ಹಿಡಿದು ಸುತ್ತ ನೋಡಿ. ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಪಾಸಿಟಿವ್. ಅಲ್ಯುಮಿನಿಯಂ ಪೈಪು ಅದಕ್ಕೆ ತಾಗಿದರೆ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ದೂರ ಎಷ್ಟೇ ಇದ್ದರೂ ಪಾಸಿಟಿವ್ ಮೇಲೆ ರಬ್ಬರ್ ಮುಚ್ಚಳ ಇರಲೇಬೇಕು. ನಂತರ ಗೇರ್ ಕೇಬಲ್‌ಗಳು: ಒಬ್ಬರು ಒಳಗೆ ಕೂತು ಎಲ್ಲ ಗೇರು ಹಾಕಿ ತೆಗೆಯಲಿ, ಯಾವುದೂ ಪೈಪಿಗೆ ಬಡಿಯಬಾರದು. ಕ್ಲಚ್ ಪೈಪು, ಎಸಿ ಪೈಪು, ವೈರಿಂಗ್ ಕಟ್ಟು, ರೇಡಿಯೇಟರ್ ಫ್ಯಾನು, ಬಾನೆಟ್ ಒಳಗಿನ ಹೊದಿಕೆ. ಏನಾದರೂ ಉಜ್ಜುತ್ತಿದ್ದರೆ ಅದನ್ನು ಟೈ ಹಾಕಿ ಪಕ್ಕಕ್ಕೆ ಕಟ್ಟುವುದಕ್ಕಿಂತ ಪೈಪನ್ನು ತಿರುಗಿಸಿ ನೋಡಿ. ಎರಡು ಕಪ್ಲರ್ ಇದ್ದರೆ ಒಂದನ್ನು ಐದು ಡಿಗ್ರಿ ಆಚೆ, ಇನ್ನೊಂದನ್ನು ಐದು ಡಿಗ್ರಿ ಈಚೆ ತಿರುಗಿಸಿದರೆ ಬೆರಳಿನಷ್ಟು ಜಾಗ ಹುಟ್ಟುತ್ತದೆ. ಸಾಲದಿದ್ದರೆ ಪೈಪನ್ನು ಒಂದೊಂದೇ ಸೆಂಟಿಮೀಟರ್ ಕತ್ತರಿಸಿ. ಒಮ್ಮೆಗೇ ಜಾಸ್ತಿ ಕತ್ತರಿಸಿದರೆ ಹೊಸ ಪೈಪೇ ತರಬೇಕು.

ಪೈಪಿಗೆ ಆಸರೆ ಎಲ್ಲಿ ಕೊಡಬೇಕು? ಪೈಪಿನ ಒಂದು ತುದಿ ಎಂಜಿನ್‌ಗೆ ಸೇರಿದೆ, ಅದು ತೂಗುತ್ತದೆ. ಇನ್ನೊಂದು ತುದಿಯನ್ನು ಬಾಡಿಗೆ ಗಟ್ಟಿಯಾಗಿ ಬಿಗಿದರೆ ಮಧ್ಯದಲ್ಲಿ ಏನೋ ಒಂದು ಮುರಿಯಲೇಬೇಕು. ಸಾಮಾನ್ಯವಾಗಿ ಬಿರುಕು ಬಿಡುವುದು ವೆಲ್ಡಿಂಗ್ ಜಾಗ, ಇಲ್ಲವೇ ಪೆಟ್ಟು ಬೀಳುವುದು ಥ್ರಾಟಲ್ ಬಾಡಿಗೆ. ಅದಕ್ಕೇ ಆ ಉಬ್ಬಿನ ಕಪ್ಲರ್. ಅದನ್ನು ಥ್ರಾಟಲ್ ಬಾಡಿಯ ಹತ್ತಿರ ಹಾಕಿ, ಫಿಲ್ಟರ್ ಕಡೆಯ ಆಸರೆಗೆ ರಬ್ಬರ್ ಬುಷ್ ಕೊಡಿ. ಮೂಲ ಬಾಕ್ಸ್ ಕೂರುತ್ತಿದ್ದ ಬೋಲ್ಟಿನ ತೂತನ್ನೇ ಬಳಸಿ ಒಂದು ಸಣ್ಣ ಪಟ್ಟಿ ಬ್ರಾಕೆಟ್ ಮಾಡಿದರೆ ಆಯಿತು.

ಹಂತ 6: ಬಿಸಿ ತಡೆಯುವ ಬಾಕ್ಸ್

ನನ್ನ ಮೊದಲನೇ ಸಲದ ಜೋಡಣೆಯಲ್ಲಿ ಇಲ್ಲದಿದ್ದದ್ದು ಇದೇ. ಫಿಲ್ಟರ್ ಎಷ್ಟು ದುಬಾರಿಯದಾದರೂ ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯ ಮಧ್ಯೆ ಕೂತಿದ್ದರೆ ಅದೇ ಗಾಳಿಯನ್ನು ಕುಡಿಯುತ್ತದೆ.

ರಟ್ಟಿನಲ್ಲಿ ಮೊದಲು ಬಾಕ್ಸ್ ಮಾಡಿ. ಎಂಜಿನ್ ಕಡೆ ಒಂದು ಗೋಡೆ, ರೇಡಿಯೇಟರ್ ಕಡೆ ಒಂದು, ಬ್ಯಾಟರಿ ಕಡೆ ಒಂದು, ಕೆಳಗೆ ತಳ. ಹೆಡ್‌ಲೈಟ್ ಕಡೆ ಬಾಡಿಯೇ ಗೋಡೆ. ರಟ್ಟು ಸರಿಯಾಗಿ ಕೂತ ಮೇಲೆ ಅದನ್ನೇ ಶೀಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಸುತ್ತಲೂ ಬೀಡಿಂಗ್ ಹಾಕಿ. ಮೇಲಿನ ಬೀಡಿಂಗ್ ಬಾನೆಟ್ ಮುಚ್ಚಿದಾಗ ಅದರ ಒಳಮೈಗೆ ಮೆತ್ತಗೆ ಒತ್ತಿಕೊಳ್ಳಬೇಕು, ಬಾನೆಟ್ಟೇ ಬಾಕ್ಸಿನ ಮುಚ್ಚಳ ಆಗುತ್ತದೆ. ಒತ್ತಿದೆಯೋ ಇಲ್ಲವೋ ನೋಡಲು ಬೀಡಿಂಗ್ ಮೇಲೆ ಸೀಮೆಸುಣ್ಣ ಹಚ್ಚಿ ಬಾನೆಟ್ ಮುಚ್ಚಿ ತೆಗೆಯಿರಿ. ಗುರುತು ಬೀಳದ ಕಡೆ ಬಿಸಿ ಗಾಳಿ ನುಗ್ಗುತ್ತದೆ. ತಳದಲ್ಲಿ ನೀರು ಹೋಗಲು ಪೆನ್ಸಿಲ್ ಗಾತ್ರದ ಎರಡು ತೂತು ಮರೆಯಬೇಡಿ.

ಗಾಳಿ ಬರುವ ದಾರಿಗೆ ಮೂಲ ಬಾಕ್ಸಿನ ಮುಂದಿನ ಪ್ಲಾಸ್ಟಿಕ್ ಕೊಳವೆಯನ್ನೇ ಬಳಸಿ. ಹೋಂಡಾ ಎಂಜಿನಿಯರ್‌ಗಳು ಮಳೆ ನೀರು ನೇರ ಬರದ ಹಾಗೆ ಅದನ್ನು ಮಾಡಿಟ್ಟಿದ್ದಾರೆ, ಅದಕ್ಕಿಂತ ಒಳ್ಳೆಯದು ನಮ್ಮ ಕೈಯಲ್ಲಿ ಆಗುವುದು ಕಷ್ಟ. ಸಾಲದು ಅನಿಸಿದರೆ 75 ಮಿಲಿಮೀಟರ್‌ನ ಬಾಗುವ ಡಕ್ಟ್ ಒಂದನ್ನು ಗ್ರಿಲ್ ಹಿಂದಿನಿಂದ ಬಾಕ್ಸ್‌ಗೆ ತನ್ನಿ, ಆದರೆ ಅದರ ಬಾಯಿ ಫಿಲ್ಟರ್‌ಗೆ ಎದುರಾಗಿ ಇರದಿರಲಿ.

ಪೈಪಿಗೆ ಬಿಸಿ ತಡೆಯುವ ಟೇಪ್ ಸುತ್ತಬೇಕೇ ಅಂತ ಕೇಳುತ್ತಾರೆ. ಜೋರಾಗಿ ಓಡಿಸುವಾಗ ಗಾಳಿ 60 ಸೆಂಟಿಮೀಟರ್ ಪೈಪನ್ನು ಸೆಕೆಂಡಿನ 30ನೇ ಒಂದು ಭಾಗದಲ್ಲಿ ದಾಟಿಬಿಡುತ್ತದೆ, ಬಿಸಿಯಾಗಲು ಸಮಯವೇ ಇಲ್ಲ. ಟ್ರಾಫಿಕ್‌ನಲ್ಲಿ ಐಡಲ್ ಇದ್ದಾಗ ಮಾತ್ರ ಅದೇ ದಾರಿಗೆ ಹೆಚ್ಚು ಕಡಿಮೆ ಒಂದು ಸೆಕೆಂಡ್ ಹಿಡಿಯುತ್ತದೆ, ಆಗ ಬಿಸಿಯಾಗುತ್ತದೆ. ಹಾಗಾಗಿ ದುಡ್ಡು ಇದ್ದರೆ ಮೊದಲು ಬಾಕ್ಸ್‌ಗೆ ಹಾಕಿ, ಟೇಪ್ ಆಮೇಲೆ.

ಹಂತ 7: ಬಿಗಿ ಮಾಡಿ, ಸೋರಿಕೆ ನೋಡಿ

ಥ್ರಾಟಲ್ ಬಾಯಿಯ ಬಟ್ಟೆ ತೆಗೆದಿರಾ? ಇನ್ನೊಮ್ಮೆ ನೋಡಿ.

ಕ್ಲಾಂಪುಗಳನ್ನು ಕಪ್ಲರ್ ತಿರುಗದಷ್ಟು ಬಿಗಿ ಮಾಡಿದರೆ ಸಾಕು. ಸಿಲಿಕಾನ್ ಕ್ಲಾಂಪಿನ ಸಂದಿಯಿಂದ ಉಬ್ಬಿ ಹೊರಗೆ ಬರುತ್ತಿದ್ದರೆ ಜಾಸ್ತಿಯಾಯಿತು. ಬ್ರೀದರ್ ಪೈಪು ಸೆನ್ಸರ್ ಮತ್ತು ಥ್ರಾಟಲ್ ಮಧ್ಯೆಯೇ ಸೇರಬೇಕು. ಕೆಲವರು ಅದನ್ನು ಕಿತ್ತು ತುದಿಗೆ ಒಂದು ಪುಟ್ಟ ಫಿಲ್ಟರ್ ಸಿಕ್ಕಿಸಿ ಬಿಡುತ್ತಾರೆ. ಹಾಗೆ ಮಾಡಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ, ಬಾನೆಟ್ ಒಳಗೆ ಎಣ್ಣೆ ಆವಿಯ ವಾಸನೆಯೂ ತುಂಬುತ್ತದೆ. ದಯವಿಟ್ಟು ಬೇಡ.

ಸೋರಿಕೆ ನೋಡಲು ಊದಿನಕಡ್ಡಿ ಸಾಕು. ಪೆಟ್ರೋಲ್ ವಾಸನೆ ಇಲ್ಲ, ಸ್ಪ್ರೇ ಡಬ್ಬಗಳು ಹತ್ತಿರ ಇಲ್ಲ ಅಂತ ಖಚಿತ ಮಾಡಿಕೊಂಡು, ಎಂಜಿನ್ ಓಡುತ್ತಿರುವಾಗ ಪ್ರತಿ ಜೋಡಣೆಯ ಸುತ್ತ ಹೊಗೆ ಹಿಡಿಯಿರಿ. ಐಡಲ್‌ನಲ್ಲಿ ಎಳೆತ ಕಮ್ಮಿ, ಒಬ್ಬರು 2500 ಆರ್‌ಪಿಎಂ ಹಿಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಹೊಗೆಯ ಎಳೆ ಸಂದಿಯೊಳಗೆ ಬಾಗಿದರೆ ಅಲ್ಲೇ ಸೋರಿಕೆ.

ಹಂತ 8: ಮೊದಲ ಸ್ಟಾರ್ಟ್

ಬ್ಯಾಟರಿ ತೆಗೆದದ್ದರಿಂದ ಕಾರು ಐಡಲ್ ಮರೆತಿರಬಹುದು. ಮತ್ತೆ ಕಲಿಸಬೇಕು. ಎಸಿ, ಲೈಟು, ಸ್ಟೀರಿಯೋ ಎಲ್ಲ ಆಫ್ ಮಾಡಿ. ಕೀ ಆನ್ ಮಾಡಿ ಎರಡು ಸೆಕೆಂಡ್ ಬಿಟ್ಟು ಸ್ಟಾರ್ಟ್ ಮಾಡಿ. ನ್ಯೂಟ್ರಲ್‌ನಲ್ಲಿ 3000 ಆರ್‌ಪಿಎಂ ಹಿಡಿದುಕೊಂಡು ರೇಡಿಯೇಟರ್ ಫ್ಯಾನು ತಿರುಗುವ ತನಕ ಕಾಯಿರಿ. ಆಮೇಲೆ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಐದು ನಿಮಿಷ ಐಡಲ್‌ನಲ್ಲೇ ಓಡಲಿ.

ಚೆಕ್ ಎಂಜಿನ್ ಲೈಟು ಹತ್ತಿ ಪಿ0102 ಅಥವಾ ಪಿ0113 ಬಂದರೆ ಗಾಬರಿ ಬೇಡ, ಬಹುಪಾಲು ಸೆನ್ಸರ್ ಪ್ಲಗ್ ಪೂರ್ತಿ ಕೂತಿಲ್ಲ. ಕ್ಲಿಕ್ ಸದ್ದು ಬರುವ ತನಕ ಒತ್ತಿ. ಪಿ0171 ಬಂದರೆ ಸೋರಿಕೆ, ಇಲ್ಲವೇ ಸೆನ್ಸರ್ ಜಾಗದ ಅಗಲ ತಪ್ಪಿದೆ. ಶಿಳ್ಳೆ ಹೊಡೆದ ಸದ್ದು ಬಂದರೆ ಕಪ್ಲರ್‌ನ ಅಂಚು ಮಡಚಿಕೊಂಡಿದೆ.

ಹಂತ 9: ರೀಡಿಂಗ್

ಕಿವಿಗೆ ಜಾಸ್ತಿ ಸದ್ದು ಕೇಳಿದರೆ ಮನಸ್ಸು ಜಾಸ್ತಿ ವೇಗ ಅಂದುಕೊಳ್ಳುತ್ತದೆ, ಅಲ್ವಾ? ಅದಕ್ಕೇ ಡಾಂಗಲ್ ಬೇಕು. ಮೂಲ ಬಾಕ್ಸ್ ಇದ್ದಾಗಲೇ ಒಂದು ದಿನ ನೈಸ್ ರಸ್ತೆಯಲ್ಲಿ 80ರ ವೇಗದಲ್ಲಿ ಓಡಿಸಿ ಗಾಳಿಯ ಉಷ್ಣತೆ, ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಮ್ಮಿ ಮಾಡಿಕೊಳ್ಳುತ್ತಿದೆ ಅನ್ನುವ ಅಂಕಿ) ಬರೆದಿಟ್ಟುಕೊಳ್ಳಿ. ಹೊಸದು ಹಾಕಿದ ಮೇಲೆ ಅದೇ ರಸ್ತೆ, ಅದೇ ಹೊತ್ತು, ಅದೇ ವೇಗ.

ಓಡುವಾಗ ಗಾಳಿ ಹೊರಗಿನದಕ್ಕಿಂತ 5ರಿಂದ 10 ಡಿಗ್ರಿ ಜಾಸ್ತಿ ಇದ್ದರೆ ಕೆಲಸ ಚೆನ್ನಾಗಿದೆ. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಸೊನ್ನೆಯಿಂದ ಆಚೀಚೆ 5ರ ಒಳಗೆ ಇರಬೇಕು, 10 ದಾಟಿದರೆ ಹಂತ 4ಕ್ಕೆ ವಾಪಸ್ ಹೋಗಿ. ನನ್ನ ಕಾರಿನಲ್ಲಿ ಈಗ ಓಡುವಾಗ 36, 37 ಡಿಗ್ರಿ ತೋರಿಸುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಈಗಲೂ ಏರುತ್ತದೆ, 45ರ ಹತ್ತಿರ ಹೋಗುತ್ತದೆ, ಆದರೆ ಹೊರಟ ಅರ್ಧ ನಿಮಿಷದಲ್ಲಿ ಇಳಿಯುತ್ತದೆ. ಆ 64 ಮತ್ತೆ ಕಂಡಿಲ್ಲ.

100 ಕಿಲೋಮೀಟರ್ ಆದ ಮೇಲೆ ಎಲ್ಲ ಕ್ಲಾಂಪು ಇನ್ನೊಮ್ಮೆ ನೋಡಿ. ಸಿಲಿಕಾನ್ ಬಿಸಿಗೆ ಕೂತುಕೊಂಡು ಸ್ವಲ್ಪ ಸಡಿಲ ಆಗಿರುತ್ತದೆ. ಪೈಪಿನ ಮೇಲೆ ಎಲ್ಲಾದರೂ ಹೊಳೆಯುವ ಉಜ್ಜು ಗುರುತು ಇದೆಯಾ ಅಂತಲೂ ನೋಡಿ.

ಧೂಳು, ಮಳೆ

ಫಿಲ್ಟರನ್ನು 5000 ಕಿಲೋಮೀಟರಿಗೆ ಒಮ್ಮೆ ತೆಗೆದು ನೋಡಿ. ಬಳ್ಳಾರಿ, ಹೊಸಪೇಟೆ ಕಡೆಯ ಕೆಂಪು ಧೂಳಿನಲ್ಲಿ ಓಡಾಡುವವರು ಇನ್ನೂ ಬೇಗ. ತೊಳೆಯುವಾಗ ಒಳಗಿನಿಂದ ಹೊರಕ್ಕೆ ನೀರು ಬಿಡಿ, ನೆರಳಲ್ಲಿ ತಾನಾಗಿಯೇ ಒಣಗಲಿ. ಪೆಟ್ರೋಲ್‌ನಲ್ಲಿ ತೊಳೆಯುವುದು, ಕಂಪ್ರೆಸರ್ ಗಾಳಿ ಹೊಡೆಯುವುದು ಎರಡೂ ಫಿಲ್ಟರ್ ಹಾಳು ಮಾಡುತ್ತವೆ. ಎಣ್ಣೆಯ ಫಿಲ್ಟರ್ ಆದರೆ ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಹೆಚ್ಚಾದದ್ದನ್ನು ಟಿಶ್ಯೂವಿಗೆ ಒತ್ತಿ ತೆಗೆಯಿರಿ.

ಮಳೆ ಹನಿ ಫಿಲ್ಟರ್ ಮೇಲೆ ಬಿದ್ದರೆ ಏನೂ ಆಗುವುದಿಲ್ಲ. ಫಿಲ್ಟರ್ ನೀರಿನಲ್ಲಿ ಮುಳುಗಿದರೆ ಮಾತ್ರ ಎಂಜಿನ್ ಸ್ಟ್ರಾ ಹಾಕಿ ಕುಡಿದ ಹಾಗೆ ನೀರು ಎಳೆಯುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು, ಪಿಸ್ಟನ್ ನಿಂತು ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಮುಳುಗಿದ್ದು ನೆನಪಿದೆಯಲ್ಲ, ಅಂಥ ದಿನ ಕಾರು ತೆಗೆಯಲೇಬೇಡಿ. ಗಿಡ್ಡ ಪೈಪೇ ಆಗಿದ್ದರೂ ನೀರು ಬಂಪರ್ ಮುಟ್ಟುವಷ್ಟು ಇದ್ದರೆ ವಾಪಸ್ ತಿರುಗಿ. ಅಕಸ್ಮಾತ್ ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ, ಒಂದೇ ಒಂದು ಸಲವೂ ಬೇಡ. ತಳ್ಳಿಸಿ ಹೊರಗೆ ತಂದು, ಗ್ಯಾರೇಜಿಗೆ ಎಳೆಸಿ, ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿಸಿ ಎಂಜಿನ್ ತಿರುಗಿಸಿದರೆ ನೀರು ಆ ತೂತುಗಳಿಂದ ಚಿಮ್ಮಿ ಹೊರಗೆ ಬರುತ್ತದೆ, ಎಂಜಿನ್ ಉಳಿಯುವ ಅವಕಾಶ ಇರುವುದು ಆಗ ಮಾತ್ರ.